ಎಂದೂ ಹೀಟ್ ಆಗದ ಕಾರು

ಹಾಸನದ ಎನ್.ಆರ್. ವೃತ್ತದಲ್ಲಿ ನಿಂತಾಗಲೆಲ್ಲ ನಮ್ಮ ಕಾರಿನ ಡ್ಯಾಶ್‌ಬೋರ್ಡಿನ ಗಣಪತಿ ತಲೆ ಅಲ್ಲಾಡಿಸುತ್ತಿದ್ದ. ಮೂರು ಸಿಲಿಂಡರಿನ ಎಂಜಿನ್ನು ಹುಟ್ಟಿನಿಂದಲೇ ಸ್ವಲ್ಪ ನಡುಗುವ ಜಾತಿ. ಅದರ ಮೇಲೆ ವಯಸ್ಸೂ ಆಗಿದೆ. ಆದರೆ ಇದು ಆ ನಡುಕವಲ್ಲ. ಲಯ ಹಿಡಿಯುವುದು, ತಪ್ಪುವುದು, ಮತ್ತೆ ಹಿಡಿಯುವುದು. ಗ್ಯಾರೇಜಿನವರು ಇದಕ್ಕೆ ‘ಮಿಸ್ಸಿಂಗ್ ಹೊಡೀತಿದೆ’ ಅನ್ನುತ್ತಾರೆ. ಜೊತೆಗೆ ಮೈಲೇಜು. ಟ್ಯಾಂಕು ತುಂಬಿಸಿ, ಮೀಟರ್ ಬರೆದಿಟ್ಟು, ಮತ್ತೆ ತುಂಬಿಸಿ ಭಾಗಿಸಿ ನೋಡಿದೆ. ಲೀಟರಿಗೆ 17 ಕೊಡುತ್ತಿದ್ದ ಗಾಡಿ 11ಕ್ಕೆ ಇಳಿದಿತ್ತು.

ಮೊದಲು ಪ್ಲಗ್ಗು ಬಿಚ್ಚಿಸಿದೆ. ಸರಿಯಾಗಿ ಉರಿಯುವ ಎಂಜಿನ್ನಿನ ಪ್ಲಗ್ಗಿನ ತುದಿ ತಿಳಿ ಕಂದು ಬಣ್ಣಕ್ಕಿರುತ್ತದೆ. ನಮ್ಮವು ಮೂರೂ ಕಾಡಿಗೆ ಬಳಿದಂತಿದ್ದವು. ಒಣ ಮಸಿ ಕೂತಿದ್ದರೆ ಗಾಳಿಗೆ ಪೆಟ್ರೋಲು ಹೆಚ್ಚಾಗಿದೆ ಎಂದೇ ಅರ್ಥ. ತೂಕದಲ್ಲಿ 14.7 ಪಾಲು ಗಾಳಿಗೆ ಒಂದು ಪಾಲು ಪೆಟ್ರೋಲು ಇರಬೇಕಾದ ಲೆಕ್ಕ ಎಲ್ಲೋ ತಪ್ಪುತ್ತಿತ್ತು. ಯಾಕೆ ತಪ್ಪುತ್ತಿದೆ ಎಂದು ಕೇಳದೆ ಹೊಸ ಪ್ಲಗ್ಗು ಹಾಕಿಸಿದೆ. ಹದಿನೈದು ದಿನ ಗಣಪತಿ ಸುಮ್ಮನಿದ್ದ. ಆಮೇಲೆ ಏರ್ ಫಿಲ್ಟರ್, ಇಂಜೆಕ್ಟರ್ ಕ್ಲೀನಿಂಗ್, ಕೊನೆಗೆ ಹೊಗೆಕೊಳವೆಯ ಆಕ್ಸಿಜನ್ ಸೆನ್ಸರ್. ಒಂದೊಂದಕ್ಕೂ ಒಂದೊಂದು ಬಿಲ್ಲು. ಆ ದಿನಗಳಲ್ಲಿ ಯಾರಾದರೂ ಕೇಳಿದ್ದರೆ, ದೋಷ ಹುಡುಕುತ್ತಿದ್ದೇನೆ ಎಂದೇ ಹೇಳುತ್ತಿದ್ದೆ. ನಿಜಕ್ಕೂ ನಾನು ಹರಕೆ ತೀರಿಸುತ್ತಿದ್ದೆ.

ಸ್ನೇಹಿತರೊಬ್ಬರು ಹೇಳಿದ ಹಳೆಯ ಮೇಸ್ತ್ರಿಯ ಹತ್ತಿರ ಹೋದಾಗ ಅವರು ಬಾನೆಟ್ಟನ್ನೂ ಎತ್ತಲಿಲ್ಲ. “ರಾತ್ರಿ ಇಲ್ಲೇ ಬಿಟ್ಟು ಹೋಗಿ ಸಾರ್. ನಂಗೆ ತಣ್ಣಗಿರೋ ಗಾಡಿ ಬೇಕು” ಅಂದರು. ಬೆಳಿಗ್ಗೆ ನನ್ನ ಎದುರೇ ಸ್ಟಾರ್ಟ್ ಮಾಡಿ, ರೇಡಿಯೇಟರಿಗೆ ಹೋಗುವ ಮೇಲಿನ ಹೋಸ್ ಪೈಪಿನ ಮೇಲೆ, ಮಗುವಿನ ಹಣೆ ಮುಟ್ಟಿ ನೋಡುವಂತೆ ಅಂಗೈ ಇಟ್ಟುಕೊಂಡು ನಿಂತರು. ಸ್ವಲ್ಪ ಹೊತ್ತಿಗೆ, “ನೀವೂ ಮುಟ್ಟಿ” ಅಂದರು. ಉಗುರುಬೆಚ್ಚಗಿತ್ತು.

“ಇಷ್ಟು ಬೇಗ ಇಲ್ಲಿಗೆ ನೀರು ಬರಬಾರದು. ಓಡಿಸೋವಾಗ ಮುಳ್ಳು ಎಲ್ಲೀವರೆಗೆ ಏರುತ್ತೆ?”

“ಕಾಲು ಭಾಗ ದಾಟಲ್ಲ ಮೇಸ್ತ್ರಿ. ನಮ್ಮ ಗಾಡಿ ಯಾವತ್ತೂ ಹೀಟ್ ಆಗಲ್ಲ.” ಹೆಮ್ಮೆಯಿಂದಲೇ ಹೇಳಿದೆ.

“ಅದೇ ಸಾರ್ ಕಾಯಿಲೆ.”

ಎಂಜಿನ್ನಿಗೂ ರೇಡಿಯೇಟರಿಗೂ ನಡುವೆ ತರ್ಮೋಸ್ಟಾಟ್ ವಾಲ್ವ್ ಎಂಬ ಪುಟ್ಟ ಬಾಗಿಲಿರುತ್ತದೆ. ಅದರ ಹೊಟ್ಟೆಯೊಳಗೆ ಮೇಣ. ನೀರು ಸುಮಾರು 82 ಡಿಗ್ರಿಗೆ ಕಾಯುವವರೆಗೆ ಬಾಗಿಲು ಮುಚ್ಚಿರುತ್ತದೆ. ಆಮೇಲೆ ಮೇಣ ಕರಗಿ ಹಿಗ್ಗಿ ಬಾಗಿಲನ್ನು ತಳ್ಳುತ್ತದೆ. ಎಂಜಿನ್ನು ಬೇಗ ಕಾಯಲಿ ಎಂದೇ ಈ ಏರ್ಪಾಡು. ನಮ್ಮ ಗಾಡಿಯಲ್ಲಿ ಆ ಬಾಗಿಲೇ ಇರಲಿಲ್ಲ. ನೀರು ಮೊದಲ ಕ್ಷಣದಿಂದಲೇ ರೇಡಿಯೇಟರಿಗೆ ಹೋಗಿ ತಣ್ಣಗಾಗಿ ಬರುತ್ತಿತ್ತು. ತಣ್ಣನೆಯ ಎಂಜಿನ್ನಿನಲ್ಲಿ ಪೆಟ್ರೋಲು ಸರಿಯಾಗಿ ಆವಿಯಾಗುವುದಿಲ್ಲ. ಅದಕ್ಕೇ ಕಂಪ್ಯೂಟರು ನೀರಿನ ಬಿಸಿ ನೋಡಿಕೊಂಡು ಹೆಚ್ಚಿಗೆ ಬಿಡುತ್ತದೆ. ಅಪ್ಪನ ಪದ್ಮಿನಿಯಲ್ಲಿ ಚಳಿಯ ಬೆಳಿಗ್ಗೆ ಚೋಕ್ ಎಳೆಯುತ್ತಿದ್ದೆವಲ್ಲ, ಅದೇ ಕೆಲಸ. ನಮ್ಮ ಗಾಡಿ ಚೋಕ್ ಎಳೆದುಕೊಂಡೇ ವರ್ಷಗಟ್ಟಲೆ ಓಡಿತ್ತು. ನಾನು ದುಡ್ಡು ಸುರಿದು ಹಾಕಿಸಿದ ಆಕ್ಸಿಜನ್ ಸೆನ್ಸರ್ ‘ಪೆಟ್ರೋಲು ಜಾಸ್ತಿಯಾಯಿತು’ ಎಂದು ಕೂಗುತ್ತಿದ್ದಿರಬೇಕು. ಆದರೆ ಎಂಜಿನ್ನು ಕಾಯುವವರೆಗೆ ಕಂಪ್ಯೂಟರು ಅದರ ಮಾತಿಗೆ ಕಿವಿಗೊಡುವುದಿಲ್ಲ. ದಿನಾ ಆರು ಕಿಲೋಮೀಟರಿನ ಓಡಾಟದಲ್ಲಿ ಅದು ಕಾಯುವುದಾದರೂ ಯಾವಾಗ? ವಾರ್ನಿಂಗ್ ಲೈಟೂ ಬಂದಿರಲಿಲ್ಲ. ಯಾವ ಸೆನ್ಸರೂ ಕೆಟ್ಟಿರಲಿಲ್ಲ, ಯಾರೂ ಸುಳ್ಳು ಹೇಳಿರಲಿಲ್ಲ. ತನಗೆ ತಿಳಿದಷ್ಟರಲ್ಲಿ ಕಂಪ್ಯೂಟರು ಮಾಡಿದ್ದೆಲ್ಲ ಸರಿಯೇ.

ಬಾಗಿಲು ತೆಗೆದವರು ಯಾರು? ನನಗೆ ನೆನಪಾಗಲಿಲ್ಲ. ಹೆಂಡತಿಗೆ ನೆನಪಿತ್ತು. “ಧರ್ಮಸ್ಥಳದಿಂದ ಬರೋವಾಗ ಶಿರಾಡಿ ಘಾಟಿಯಲ್ಲಿ ಹೊಗೆ ಎದ್ದು ನಿಂತಿತಲ್ರೀ. ಒಬ್ಬ ಹುಡುಗ ಏನೋ ಬಿಚ್ಚಿ ನಿಮ್ಮ ಕೈಗೆ ಕೊಟ್ಟ.”

ಹೌದು, ಗುಂಡ್ಯ ದಾಟಿ ಏರುವಾಗ ನೀರು ಕುದಿದಿತ್ತು. ಜಿಟಿಜಿಟಿ ಮಳೆ, ಸಂಜೆ, ಹಿಂದಿನ ಸೀಟಿನಲ್ಲಿ ಅಮ್ಮ. ಆ ಹುಡುಗ ವಾಲ್ವ್ ತೆಗೆದು, ನೀರು ತುಂಬಿ, ಇನ್ನೂರು ರೂಪಾಯಿ ಪಡೆದು ನಮ್ಮನ್ನು ಮನೆ ಮುಟ್ಟಿಸಿದ. ಅವನನ್ನು ಬೈಯಲು ನನಗೆ ಮನಸ್ಸಿಲ್ಲ. ಆ ಹೊತ್ತಿಗೆ ಅವನು ದೇವರು. ಎರಡು ತಿಂಗಳ ಮೇಲೆ ಕಟ್ಟಿಕೊಂಡಿದ್ದ ರೇಡಿಯೇಟರನ್ನು ಊರಿನಲ್ಲಿ ಸ್ವಚ್ಛ ಮಾಡಿಸಿದೆ. ರೋಗ ಹೋಯಿತು, ಔಷಧಿ ಉಳಿಯಿತು. ಆ ಸುಮಾರಿಗೇ ನನಗೆ ಊರೊಳಗಿನ ಕಚೇರಿಗೆ ವರ್ಗವಾಯಿತು. ಮೈಲೇಜು ಇಳಿದಾಗ ‘ಊರೊಳಗಿನ ಓಟ, ಇಷ್ಟೇ’ ಎಂದು ಸಮಾಧಾನ ಮಾಡಿಕೊಂಡೆ. ಹೊಗೆ ತಪಾಸಣೆಯ ಚೀಟಿಯಲ್ಲಿ ಕಾರ್ಬನ್ ಮಾನಾಕ್ಸೈಡಿನ ಅಂಕಿ ಮಿತಿಯ ಅಂಚಿಗೆ ಬಂದು ಕೂತಿತ್ತು. ಪಾಸಾಯಿತಲ್ಲ ಎಂದು ಮಡಚಿಟ್ಟೆ.

ಅಜ್ಜಿಮನೆಯ ನಡುಕೋಣೆ ನೆನಪಾಗುತ್ತದೆ. ನಾನು ಹುಟ್ಟುವ ಮೊದಲು ಕಳ್ಳ ನುಗ್ಗಿದ್ದನೆಂದು ಅಲ್ಲಿನ ಕಿಟಕಿಗೆ ಹಲಗೆ ಹೊಡೆದಿದ್ದರು. ನಮಗೆ ತಿಳಿವು ಬರುವ ಹೊತ್ತಿಗೆ ಅದು ಕಿಟಕಿಯೆಂಬುದೇ ಯಾರಿಗೂ ನೆನಪಿರಲಿಲ್ಲ, ಅದೊಂದು ಗೋಡೆ. ಆ ಕೋಣೆಯ ಮುಗ್ಗಲು ವಾಸನೆಗೆ ಮಾತ್ರ ವರ್ಷವರ್ಷವೂ ಸುಣ್ಣ ಬಳಿಸುತ್ತಿದ್ದರು. ನಾನು ಬದಲಿಸಿದ ಪ್ಲಗ್ಗುಗಳಿಗೂ ಆ ಸುಣ್ಣಕ್ಕೂ ಏನು ವ್ಯತ್ಯಾಸ? ಏನು ಕೆಟ್ಟಿದೆ ಎಂದು ನಾನು ನಾಲ್ಕು ಕಡೆ ಕೇಳಿದ್ದೆ. ಏನು ಇಲ್ಲವಾಗಿದೆ ಎಂದು ಒಮ್ಮೆಯೂ ಕೇಳಿರಲಿಲ್ಲ. ಮುಳ್ಳು ಏರದಿದ್ದದ್ದನ್ನು ಮೂರು ವರ್ಷ ದಿನಾ ಕಣ್ಣಾರೆ ಕಂಡೂ ಅದನ್ನು ಗುಣವೆಂದು ಊರಿಗೆಲ್ಲ ಹೇಳಿಕೊಂಡು ಬಂದಿದ್ದೆ.

ಡಿಕ್ಕಿಯ ಟೂಲ್ ಚೀಲದ ತಳದಲ್ಲಿ ಪೇಪರಿನಲ್ಲಿ ಸುತ್ತಿದ ಹಳೆಯ ವಾಲ್ವ್ ಸಿಕ್ಕಿತು. ಮೇಸ್ತ್ರಿ ಹೇಳಿಕೊಟ್ಟಂತೆ ಅದನ್ನು ದಾರಕ್ಕೆ ಕಟ್ಟಿ, ಒಲೆಯ ಮೇಲಿನ ಬಿಸಿನೀರಿನ ಪಾತ್ರೆಗೆ ಇಳಿಬಿಟ್ಟೆ. ನೀರು ಮರಳುವ ಮೊದಲೇ ಅದು ಮೆಲ್ಲಗೆ ಬಾಯಿ ತೆರೆಯಿತು. ಹೊರಗೆತ್ತಿ ಆರಿಸಿದರೆ ಮುಚ್ಚಿಕೊಂಡಿತು. ಅಂದರೆ ಘಾಟಿಯಲ್ಲಿ ಅದರ ತಪ್ಪೇನೂ ಇರಲಿಲ್ಲ.

ಮೇಸ್ತ್ರಿ ಹೊಸ ವಾಲ್ವ್, ಹೊಸ ಗ್ಯಾಸ್ಕೆಟ್ಟು ಹಾಕಿ, ಪ್ಲಗ್ಗು ಒರೆಸಿ ಕೊಟ್ಟರು. ಮನೆಗೆ ಬರುವ ದಾರಿಯಲ್ಲಿ ಮುಳ್ಳು ಕಾಲು ಭಾಗ ದಾಟಿ, ಏರುತ್ತಾ ಏರುತ್ತಾ ನಡುವಿಗೆ ಬಂದು ನಿಂತಿತು. ಎದೆ ಧಸಕ್ಕೆಂದಿತು. ಗಾಡಿಯನ್ನು ಪಕ್ಕಕ್ಕೆ ಹಾಕಿ, ಎಂಜಿನ್ ಆರಿಸದೆ, ಮೇಸ್ತ್ರಿಗೆ ಫೋನು ಮಾಡಿದೆ. ಅವರು ಆ ಕಡೆಯಿಂದ ನಗುತ್ತಲೇ ಇದ್ದರು. ಎದುರಿಗೆ ಗಣಪತಿ ಅಲ್ಲಾಡದೆ ಕೂತಿದ್ದ.