ನಿಧಾನದವರು ಮುಂದೆ



ಜನವರಿಯ ಚೆಂಬ್ರ ಚಾರಣಕ್ಕೆ ಹೆಸರು ಕೊಡುವಾಗ ಕೆಲವರು ಕೇಳಿದಿರಿ: ‘ನಡೆಯಲಾಗದವರೂ ಬೇಕೇ?’

ಆದಿಕಾಂಡ 33ನೇ ಅಧ್ಯಾಯ ಓದಿ. ಜೊತೆಯಾಗಿ ಹೊರಡೋಣವೆಂದ ಏಸಾವನಿಗೆ ಯಕೋಬ ಹೇಳಿದ್ದೇನು? ಎಳೆಯ ಮಕ್ಕಳಿದ್ದಾರೆ, ಹಾಲೂಡಿಸುವ ಕುರಿ-ದನಗಳಿವೆ. ಒಂದೇ ದಿನ ಅವಸರಪಡಿಸಿದರೂ ಮಂದೆ ಸತ್ತೀತು, ಅವುಗಳ ನಡಿಗೆಗೆ ತಕ್ಕಂತೆ ಬರುತ್ತೇನೆ ಎಂದ. ಹಿಂದಿನ ರಾತ್ರಿಯಷ್ಟೇ ಹೋರಾಡಿ ತಾನೇ ಕುಂಟುತ್ತಿದ್ದನಲ್ಲ, ಗೊತ್ತಿತ್ತು ಅವನಿಗೆ!

ಚೆಂಬ್ರ 2,100 ಮೀಟರ್ ಎತ್ತರವಿದ್ದರೂ ಅರಣ್ಯ ಇಲಾಖೆಯ ಅನುಮತಿ ಹೃದಯದಾಕಾರದ ಕೆರೆಯವರೆಗೆ ಮಾತ್ರ. ಶಿಖರ ಮುಟ್ಟುವ ಪೈಪೋಟಿಯೇ ಇಲ್ಲ. ಹಾಗಾಗಿ ನಿಧಾನದವರು ಮುಂದೆ. ಗಟ್ಟಿಗರು ನೀರು, ಬುತ್ತಿ ಹೊತ್ತು ಹಿಂದೆ.

ನಿಮಗೆ ಭಾರವಾಗುತ್ತೇವೆಂದು ಇಬ್ಬರು ಹೆಸರು ತೆಗೆಸಿದ್ದಾರೆ. ಭಾನುವಾರ ಬಲಿಪೂಜೆಯ ಬಳಿಕ ಅವರ ಮನೆಗೆ ಹೋಗುತ್ತಿದ್ದೇನೆ. ನನ್ನ ಜೊತೆ ಯಾರು ಬರುತ್ತೀರಿ?