ಬೇಡ ಎನ್ನುವವರು ಯಾರು?

ವಂಡ್ಸೆ ಪೇಟೆ ದೊಡ್ಡದೇನಲ್ಲ. ಹೆಮ್ಮಾಡಿಯಲ್ಲಿ ತಿರುಗಿ ಕೊಲ್ಲೂರಿಗೆ ಹೋಗುವ ಯಾತ್ರಿಕರು ಬಸ್ಸಿನ ಕಿಟಕಿಯಿಂದ ಒಮ್ಮೆ ಇಣುಕುವಷ್ಟರಲ್ಲಿ ಅದು ಮುಗಿದುಹೋಗಿರುತ್ತದೆ. ಅಂಥ ಊರಿನ ಹೆಸರು ಲೋಕದ ಪತ್ರಿಕೆಗಳಲ್ಲಿ ಅಚ್ಚಾದದ್ದು 2018ರ ಏಪ್ರಿಲ್‌ನಲ್ಲಿ. ಆಸ್ಟ್ರೇಲಿಯಾದ ಗೋಲ್ಡ್ ಕೋಸ್ಟ್‌ನಲ್ಲಿ ನಡೆದ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ ನಮ್ಮ ಕಡೆಯ ಹುಡುಗ ಗುರುರಾಜ ಪೂಜಾರಿ 56 ಕಿಲೋ ವಿಭಾಗದಲ್ಲಿ ಒಟ್ಟು 249 ಕಿಲೋ ಭಾರ ಎತ್ತಿ ಬೆಳ್ಳಿ ಗೆದ್ದ. ಆ ಕೂಟದಲ್ಲಿ ಭಾರತಕ್ಕೆ ಬಂದ ಮೊದಲ ಪದಕವೇ ಅದು. ಅವನ ತಂದೆ ಲಾರಿ ಚಾಲಕರು. ಹುಡುಗ ಉಜಿರೆಯ ಕಾಲೇಜಿಗೆ ಕುಸ್ತಿ ಕಲಿಯುವ ಆಸೆಯಿಂದ ಹೋದವನು, ಅಲ್ಲಿನ ತರಬೇತುದಾರರ ಕಣ್ಣಿಗೆ ಬಿದ್ದು ಭಾರ ಎತ್ತುವವನಾದ. ಕ್ಲೀನ್ ಅಂಡ್ ಜರ್ಕ್‌ನಲ್ಲಿ ಮೊದಲೆರಡು ಯತ್ನ ವಿಫಲವಾಗಿ, ಮೂರನೆಯದರಲ್ಲಿ 138 ಕಿಲೋ ಎತ್ತಿ ನಿಂತನೆಂಬುದನ್ನು ಓದುವಾಗ, ಕುಳಿತಲ್ಲೇ ನನ್ನ ಮೊಣಕಾಲು ಬಿಗಿಯಾಗಿತ್ತು.

ಅದೇ ಸುದ್ದಿಯ ಕೆಳಗೆ ಇನ್ನೊಂದು ಸಣ್ಣ ಸುದ್ದಿಯಿತ್ತು. ನಮ್ಮ ಭಾರ ಎತ್ತುವವರಿಗೆ ಸ್ಪರ್ಧೆಯ ಜಾಗದಲ್ಲಿ ಫಿಸಿಯೋಥೆರಪಿಸ್ಟ್ ಇರಲಿಲ್ಲವಂತೆ. ಒಳಗೆ ಬರಲು ಅವರಿಗೆ ಅನುಮತಿ ಸಿಕ್ಕಿರಲಿಲ್ಲ. ನೋವಿಗೆ ತಕ್ಕ ಆರೈಕೆ ದೊರೆಯಲಿಲ್ಲವೆಂದು ಗುರುರಾಜನೂ, ಅದೇ ದಿನ ಚಿನ್ನ ಗೆದ್ದ ಮೀರಾಬಾಯಿ ಚಾನು ಕೂಡ ಹೇಳಿಕೊಂಡಿದ್ದರು. ಮರುದಿನ ಪೇಟೆಯ ಚಹಾದಂಗಡಿಯಲ್ಲಿ ಇದೇ ಮಾತು. "ತಿಕ್ಕುಕೆ ಜನ ಇಲ್ದೆ ಬೆಳ್ಳಿ. ಇದ್ದಿದ್ರೆ ಬಂಗಾರ ಅಲ್ದಾ?" ಎಂದರು ಒಬ್ಬರು. ಎಲ್ಲರೂ ಹೌದೆಂದರು. ನಾನು ಮೂವತ್ತು ವರ್ಷ ಪಿ.ಟಿ. ಮಾಸ್ಟರಾಗಿದ್ದವನು, ನನ್ನ ಕಡೆಗೂ ನೋಡಿದರು. ನಾನು ಚಹಾ ಕುಡಿಯುತ್ತಾ ಸುಮ್ಮನಿದ್ದೆ. ಆರೈಕೆ ಮಾಡುವವರು ಹೆಚ್ಚಿದ್ದರೆ ಆಟಗಾರನಿಗೆ ಒಳ್ಳೆಯದೆಂದು ಹೇಳಲು ನನಗೆ ಬಾಯಿ ಬರಲಿಲ್ಲ. ಅದಕ್ಕೊಂದು ಕಾರಣವಿದೆ. ಈವರೆಗೆ ಎಲ್ಲೂ ಬರೆಯದ ಆ ಕಾರಣವನ್ನು ಇಲ್ಲಿ ಬರೆಯುತ್ತೇನೆ.

1996ರ ಮಾತು. ನಾನಿದ್ದ ಶಾಲೆಯ ಹೆಸರು ಬೇಡ. ನಮ್ಮ ಕಬಡ್ಡಿ ತಂಡದಲ್ಲಿ ಹತ್ತನೆಯ ತರಗತಿಯ ಒಬ್ಬ ಹುಡುಗನಿದ್ದ. ರೈಡಿಗೆ ಹೋದನೆಂದರೆ ಕೋಳಿಯ ಮೇಲೆರಗುವ ಗಿಡುಗನಂತೆ. ತಾಲೂಕು ಮಟ್ಟದ ಪಂದ್ಯಕ್ಕೆ ಹನ್ನೆರಡು ದಿನ ಇದೆಯೆನ್ನುವಾಗ ಅಭ್ಯಾಸದಲ್ಲಿ ಅವನ ಬಲ ಮೊಣಕಾಲು ತಿರುಚಿತು. ತಾಯಿ ಅವನನ್ನು ನಾಟಿ ವೈದ್ಯರಲ್ಲಿಗೆ ಕರೆದುಕೊಂಡು ಹೋದಳು. ಅವರು ಉದ್ದಿನ ಹಿಟ್ಟು, ಮೊಟ್ಟೆಯ ಲೋಳೆ ಬಳಿದು, ಸೊಪ್ಪು ಇಟ್ಟು ಕಟ್ಟು ಕಟ್ಟಿ, ಇಪ್ಪತ್ತೊಂದು ದಿನ ಕಾಲು ಊರಬಾರದೆಂದರು. ಐದನೆಯ ದಿನ ನಾನು ಅವರ ಮನೆಗೆ ಹೋದೆ. ಇದೆಲ್ಲ ಹಳೆಯ ಕಾಲದ ಪದ್ಧತಿ ಎಂದು ತಾಯಿಗೆ ಬುದ್ಧಿ ಹೇಳಿ, ಕಟ್ಟು ಬಿಚ್ಚಿಸಿ, ನನ್ನ ಸ್ಕೂಟರಿನಲ್ಲೇ ಕುಂದಾಪುರಕ್ಕೆ ಕರೆದೊಯ್ದು ಡಾಕ್ಟರಿಗೆ ತೋರಿಸಿದೆ. ಡಾಕ್ಟರು ಎಕ್ಸ್‌ರೇ ತೆಗೆಸಿ, "ಮೂಳೆ ಮುರಿದಿಲ್ಲ, ವಿಶ್ರಾಂತಿ ಕೊಡಿ" ಎಂದು ಹೇಳಿ ನೋವಿನ ಮಾತ್ರೆ ಬರೆದುಕೊಟ್ಟರು. ಆ ವಾಕ್ಯದಲ್ಲಿ ಎರಡು ಭಾಗಗಳಿದ್ದವು. ನನ್ನ ಕಿವಿಗೆ ಮೊದಲನೆಯದು ಮಾತ್ರ ಬಿತ್ತು.

ಊರಿಗೆ ಮರಳಿ ಬಂದು, ಎಣ್ಣೆ ತಿಕ್ಕುವವರೊಬ್ಬರಿಂದ ಬಾತ ಮೊಣಕಾಲನ್ನು ದಿನಕ್ಕೆರಡು ಬಾರಿ ತಿಕ್ಕಿಸಿದೆ. ಪಂದ್ಯದ ದಿನ ಬೆಳಿಗ್ಗೆ ಒಂದು ಮಾತ್ರೆ, ಫೈನಲ್‌ಗೆ ಮೊದಲು ಇನ್ನೊಂದು. ಹುಡುಗ ಆಡಿದ. ಕಪ್ ನಮ್ಮ ಶಾಲೆಗೆ ಬಂತು. ಕೊನೆಯ ರೈಡಿನಲ್ಲಿ ಗೆರೆ ಮುಟ್ಟಿ ಬಿದ್ದವನು ಎದ್ದು ನಿಲ್ಲಲಿಲ್ಲ. ಮೊಣಕಾಲಿನೊಳಗೆ ಎರಡು ಮೂಳೆಗಳನ್ನು ಹಿಡಿದಿಡುವ ಅಸ್ಥಿರಜ್ಜು, ಲಿಗಮೆಂಟ್ ಎನ್ನುತ್ತಾರಲ್ಲ, ಅದು ಹರಿದರೆ ಎಕ್ಸ್‌ರೇಯಲ್ಲಿ ಕಾಣುವುದಿಲ್ಲವೆಂಬುದು ನನಗೆ ಗೊತ್ತಾದದ್ದು ಆಮೇಲೆ. ನೋವೆಂಬುದು ಮನೆ ಕಾಯುವ ನಾಯಿ. ಅದಕ್ಕೆ ಮಾತ್ರೆ ತಿನ್ನಿಸಿ ಮಲಗಿಸಿದವನು ನಾನು. ಸೋಮವಾರದ ಪ್ರಾರ್ಥನೆಯಲ್ಲಿ ಹೆಡ್‌ಮಾಸ್ಟರು ನನ್ನ ಹೆಸರು ಹೇಳಿ ಹೊಗಳಿದರು. ಮಕ್ಕಳು ಚಪ್ಪಾಳೆ ತಟ್ಟಿದರು. ಹುಡುಗ ಅಂದು ಶಾಲೆಗೆ ಬಂದಿರಲಿಲ್ಲ.

ಲೆಕ್ಕ ಹಾಕಿ ನೋಡಿದರೆ, ಆ ಒಂದು ಮೊಣಕಾಲಿಗೆ ನಾಟಿ ವೈದ್ಯರು, ಡಾಕ್ಟರು, ತಿಕ್ಕುವವರು, ತಾಯಿ, ನಾನು ಎಂದು ಐದು ಮಂದಿಯ ಆರೈಕೆ ಇತ್ತು. ಮೊದಲಿಬ್ಬರ ಮಾತಿನ ಸಾರ ಒಂದೇ ಆಗಿತ್ತು, ಕಾಲಿಗೆ ವಿಶ್ರಾಂತಿ ಕೊಡಿ ಎಂದು. ಆದರೆ ಅವರಿಬ್ಬರೂ ಜೀವಮಾನದಲ್ಲಿ ಪರಸ್ಪರರ ಮುಖ ಕಂಡವರಲ್ಲ. ಇಬ್ಬರ ನಡುವಿನ ಸೇತುವೆ ನಾನಾಗಿದ್ದೆ, ಮತ್ತು ಸೇತುವೆಗೆ ಕಪ್ ಬೇಕಾಗಿತ್ತು.

ಹಾಗಾದರೆ ಎಲ್ಲರೂ ಒಂದೆಡೆ ಕುಳಿತು ಮಾತಾಡಿದ್ದರೆ ಸರಿಹೋಗುತ್ತಿತ್ತೇ? ಈಗಿನ ದೊಡ್ಡ ಕ್ರೀಡಾಪಟುಗಳ ಸುತ್ತ ಇರುವ ತಂಡದ ಆಶಯ ಅದೇ. ಮೂಳೆಯ ಡಾಕ್ಟರು, ಫಿಸಿಯೋ, ಆಹಾರ ತಜ್ಞ, ಮನಶ್ಶಾಸ್ತ್ರಜ್ಞ, ಮಸಾಜ್ ಮಾಡುವವರು, ಕೆಲವೆಡೆ ಯೋಗ, ಆಯುರ್ವೇದದವರೂ ಸೇರಿ ಒಬ್ಬನ ಮೈಯನ್ನು ನೋಡಿಕೊಳ್ಳುತ್ತಾರೆ. ಬಳ್ಳಾರಿ ಕಡೆಯ ವಿಜಯನಗರದ ಇನ್‌ಸ್ಪೈರ್ ಸಂಸ್ಥೆಯಂಥ ಕಡೆ, ಬೆಂಗಳೂರಿನ ಪಡುಕೋಣೆ–ದ್ರಾವಿಡ್ ಕೇಂದ್ರದಂಥ ಕಡೆ ಇದು ನಮ್ಮ ರಾಜ್ಯಕ್ಕೂ ಬಂದಿದೆ. ಇದರ ಅಗತ್ಯವನ್ನು ಅಲ್ಲಗಳೆಯಲಾರೆ. 56 ಕಿಲೋ ವಿಭಾಗದವನು ತೂಕ ನೋಡುವ ಹೊತ್ತಿಗೆ 56ರ ಒಳಗಿರಬೇಕಾಗಿತ್ತು. ಆಹಾರ ತಜ್ಞ ತೂಕ ಇಳಿಸುತ್ತಾನೆ. ಡಾಕ್ಟರು ಬಾವಿಗೆ ಕೊಡುವ ಕೆಲವು ಔಷಧಿಗಳು ಮೈಯಲ್ಲಿ ನೀರು ನಿಲ್ಲಿಸುತ್ತವೆ. ನೀರು ಬಿಟ್ಟರೆ ಸ್ನಾಯು ಸೆಟೆಯುತ್ತದೆಂದು ಫಿಸಿಯೋ ಹೆದರುತ್ತಾನೆ. ಒಬ್ಬೊಬ್ಬರೂ ಸರಿ, ಕೂಡಿಸಿದರೆ ಉತ್ತರ ತಪ್ಪು. ಆದ್ದರಿಂದ ಕೂಡಿ ಕುಳಿತು ಲೆಕ್ಕ ಮಾಡಲೇಬೇಕು.

ಆದರೆ ಕೂಡಿ ಕುಳಿತವರೆಲ್ಲ ಒಳ್ಳೆಯದನ್ನೇ ಮಾಡಿಲ್ಲ. ಹಿಂದಿನ ಪೂರ್ವ ಜರ್ಮನಿಯಲ್ಲಿ ಡಾಕ್ಟರು, ವಿಜ್ಞಾನಿ, ಕೋಚ್, ಅಧಿಕಾರಿ ಎಲ್ಲರೂ ಒಂದೇ ಮೇಜಿನ ಸುತ್ತ ಕುಳಿತವರೇ. ಅವರಿಗಿದ್ದಷ್ಟು ಸಮನ್ವಯ ಇನ್ನಾರಿಗೂ ಇದ್ದಿರಲಾರದು. ಹದಿಹರೆಯದ ಹುಡುಗಿಯರಿಗೆ ವಿಟಮಿನ್ ಎಂದು ಹೇಳಿ ಅವರು ನುಂಗಿಸಿದ್ದು ಗಂಡು ಹಾರ್ಮೋನಿನ ಗುಳಿಗೆಗಳನ್ನು. 2000ದಲ್ಲಿ ಬರ್ಲಿನ್ನಿನ ನ್ಯಾಯಾಲಯ ಆ ದೇಶದ ಕ್ರೀಡಾ ಮುಖ್ಯಸ್ಥನನ್ನೂ ಒಬ್ಬ ಹಿರಿಯ ವೈದ್ಯನನ್ನೂ ಅಪರಾಧಿಗಳೆಂದು ಹೇಳುವ ಹೊತ್ತಿಗೆ ಆ ಹುಡುಗಿಯರು ನಡುವಯಸ್ಸಿನ ರೋಗಿಗಳಾಗಿದ್ದರು.

ಅಷ್ಟು ದೂರ ಹೋಗಬೇಕಾಗಿಲ್ಲ. ನಮ್ಮದೇ ತಾಲೂಕಿನ ಸಿದ್ದಾಪುರ ಕಡೆಯ ಅಶ್ವಿನಿ ಅಕ್ಕುಂಜಿ 2010ರಲ್ಲಿ ದೆಹಲಿಯ ಕಾಮನ್‌ವೆಲ್ತ್ ಕೂಟದ ರಿಲೇಯಲ್ಲಿ, ಬಳಿಕ ಗುವಾಂಗ್‌ಝೌ ಏಷ್ಯನ್ ಕ್ರೀಡೆಗಳ 400 ಮೀಟರ್ ಹರ್ಡಲ್ಸ್ ಮತ್ತು ರಿಲೇಯಲ್ಲಿ ಚಿನ್ನ ಗೆದ್ದಾಗ ನಾವು ಶಾಲೆಯಲ್ಲಿ ಸಿಹಿ ಹಂಚಿದ್ದೆವು. ಮರುವರ್ಷ ಮದ್ದಿನ ಪರೀಕ್ಷೆಯಲ್ಲಿ ಆಕೆಯೂ ಜೊತೆಯ ಓಟಗಾರ್ತಿಯರೂ ಸಿಕ್ಕಿಬಿದ್ದರು. ಕೋಚ್ ಕೊಟ್ಟ ಜಿನ್‌ಸೆಂಗ್ ಗುಳಿಗೆಯಲ್ಲಿ ಕಲಬೆರಕೆ ಇತ್ತೆಂಬುದು ಅವರ ವಾದ. ದೇಶದೊಳಗಿನ ಸಮಿತಿ ಅವರದು ದೊಡ್ಡ ತಪ್ಪಲ್ಲವೆಂದು ಒಂದು ವರ್ಷದ ನಿಷೇಧ ಹೇರಿತು. 2012ರಲ್ಲಿ ಅಂತಾರಾಷ್ಟ್ರೀಯ ಕ್ರೀಡಾ ನ್ಯಾಯಮಂಡಳಿ ಅದನ್ನು ಎರಡು ವರ್ಷ ಮಾಡಿತು. ನಿಯಮ ಸರಳವಾಗಿದೆ. ನಿನ್ನ ಮೈಯೊಳಗೆ ಹೋದದ್ದಕ್ಕೆ ನೀನೇ ಹೊಣೆ, ಕೊಟ್ಟವರು ಯಾರಾದರೂ ಇರಲಿ. ಈ ನಿಯಮ ಇಲ್ಲದಿದ್ದರೆ ಎಲ್ಲರೂ ಇನ್ನೊಬ್ಬರ ಕಡೆ ಬೆರಳು ತೋರಿಸಿ ಪಾರಾಗುತ್ತಿದ್ದರು, ನಿಜ. ಬೇರಿನ ಮದ್ದೆಂದ ಮಾತ್ರಕ್ಕೆ ಅದು ನಿರಪಾಯವಲ್ಲವೆಂಬುದನ್ನು ನಮಗೆ ಯಾರೂ ಕಲಿಸಬೇಕಾಗಿಲ್ಲ. ಆಷಾಢದ ಅಮಾವಾಸ್ಯೆಗೆ ಹಾಲೆ ಮರದ ಕೆತ್ತೆಯ ಕಷಾಯ ಕುಡಿಯುವ ನಾವು, ಕತ್ತಲಲ್ಲಿ ತಪ್ಪಿ ಕಾಸರಕದ ಕೆತ್ತೆ ತಂದು ಜೀವ ಕಳಕೊಂಡವರ ಸುದ್ದಿಗಳನ್ನು ಕೇಳಿದವರೇ. ಆದರೂ ನನ್ನ ಮನಸ್ಸು ಒಪ್ಪದ ಒಂದು ಮಾತಿದೆ. ಕಷಾಯ ಕುಡಿದ ಮಗುವನ್ನು ಮಾತ್ರ ಕೇಳಿ, ಕೆತ್ತೆ ತಂದವನನ್ನು ಕೆಲಸದಿಂದ ಬಿಡಿಸಿ ಕಳಿಸಿದರೆ ಲೆಕ್ಕ ಮುಗಿಯಿತೇ?

2024ರಲ್ಲಿ ಪ್ಯಾರಿಸ್‌ನಲ್ಲಿ ವಿನೇಶ್ ಫೋಗಟ್ ನೂರು ಗ್ರಾಮಿನಿಂದ ಫೈನಲ್ ಕಳಕೊಂಡಾಗಲೂ ಇದೇ ಕಂಡಿತು. ರಾತ್ರಿಯಿಡೀ ಓಡಿಸಿ, ಬೆವರಿಸಿ, ಕೂದಲನ್ನೂ ಕತ್ತರಿಸಿದ ತಂಡ ಜೊತೆಗಿತ್ತು. ಕೆಲವು ದಿನ ಕಳೆದ ಮೇಲೆ ಒಲಿಂಪಿಕ್ ಸಂಸ್ಥೆಯ ಕಡೆಯಿಂದ ಬಂದ ಹೇಳಿಕೆ, ತೂಕದ ಹೊಣೆ ಆಟಗಾರ್ತಿಯದು ಮತ್ತು ಆಕೆಯ ಕೋಚ್‌ನದು, ಸಂಸ್ಥೆಯ ವೈದ್ಯರದಲ್ಲ ಎಂದು. ಕಾನೂನಿಗೆ ಅದು ಸರಿಯಿರಬಹುದು. ಆದರೆ ಪದಕ ಬಂದಿದ್ದರೆ ಚಿತ್ರದಲ್ಲಿ ಯಾರು ಯಾರು ನಿಂತಿರುತ್ತಿದ್ದರೆಂದು ನಾವೆಲ್ಲ ಊಹಿಸಬಲ್ಲೆವು. 1996ರ ಕಪ್‌ನ ಚಿತ್ರದಲ್ಲಿ ನಡುವೆ ನಿಂತವನು ನಾನು.

ಆ ಹುಡುಗ ಈಗ ಹುಡುಗನಲ್ಲ. ರಿಕ್ಷಾ ಓಡಿಸುತ್ತಾನೆ. ನೆಲದಲ್ಲಿ ಚಕ್ಕಳಮಕ್ಕಳ ಕೂರಲಾರ. ಮದುವೆಮನೆಗಳಲ್ಲಿ ಪಂಕ್ತಿ ಬಿಟ್ಟು ಮೇಜು ಹುಡುಕುತ್ತಾನೆ. ಗುರುರಾಜ 2022ರಲ್ಲಿ ಬರ್ಮಿಂಗ್‌ಹ್ಯಾಮ್‌ನಲ್ಲಿ 61 ಕಿಲೋ ವಿಭಾಗದ ಕಂಚು ಗೆದ್ದ ವಾರ ಅವನ ರಿಕ್ಷಾದಲ್ಲೇ ಹೋಗುತ್ತಿದ್ದೆ. ಏನೋ ಧೈರ್ಯ ಬಂದು, ಅಂದು ನಿನ್ನನ್ನೊಂದು ಮಾತು ಕೇಳದೆ ಆಡಿಸಿದೆನಲ್ಲ ಎಂದೆ. ಅವನು ರಸ್ತೆಯಿಂದ ಕಣ್ಣು ತೆಗೆಯಲಿಲ್ಲ.

"ಕೇಂಡಿದ್ರೂ ನಾ ಆಡ್ತೆ ಅಂದೇ ಹೇಳ್ತಿದ್ದೆ ಮಾಸ್ಟ್ರೆ. ಹದ್ನಾರ್ ವರ್ಷದ್ ಗಂಡ್, ಬ್ಯಾಡ ಅಂದೇಳಿ ಹೇಳ್ತ್ನಾ?"

ಇಪ್ಪತ್ತಾರು ವರ್ಷ ನಾನು ಕಟ್ಟಿಕೊಂಡಿದ್ದ ಪಶ್ಚಾತ್ತಾಪ ತಪ್ಪು ಜಾಗದಲ್ಲಿತ್ತೆಂದು ಅಂದು ತಿಳಿಯಿತು. ಕೇಳದಿದ್ದದ್ದೇ ನನ್ನ ತಪ್ಪೆಂದು ಎಣಿಸಿದ್ದೆ. ಕೇಳಿದ್ದರೆ ಅವನು ಒಪ್ಪುತ್ತಿದ್ದ, ನಾನು ನಿಶ್ಚಿಂತೆಯಿಂದ ಅದೇ ಕೆಲಸ ಮಾಡುತ್ತಿದ್ದೆ. ಆಟಗಾರನ ಒಪ್ಪಿಗೆ ಬೇಕು, ಆದರೆ ಸಾಲದು. ಅವನು ಆಡಲೆಂದೇ ಹುಟ್ಟಿದವನು. ಇಪ್ಪತ್ತು ವರ್ಷದ ನಂತರದ ಪಂಕ್ತಿಯೂಟ ಅವನ ಕಣ್ಣಿಗೆ ಕಾಣುವುದಿಲ್ಲ. ಅದು ಕಾಣಬೇಕಾದದ್ದು ಸುತ್ತ ನಿಂತವರಿಗೆ. ಅವರ ಸಂಬಳ, ಹೆಸರು, ಚಪ್ಪಾಳೆ ಎಲ್ಲವೂ ಅದೇ ಕಪ್ಪಿಗೆ ಕಟ್ಟಿದ್ದರೆ ಅವರಿಗೂ ಕಾಣುವುದಿಲ್ಲ.

ನಮ್ಮ ಕಡೆ ಕಂಬಳದ ಕೋಣಗಳನ್ನು ಸಾಕುವವರನ್ನು ನೋಡಿ. ಹುರುಳಿ ಬೇಯಿಸಿ ಹಾಕುತ್ತಾರೆ, ಎಣ್ಣೆ ತಿಕ್ಕುತ್ತಾರೆ, ಮಕ್ಕಳಿಗಿಂತ ಹೆಚ್ಚು ಜೋಪಾನ. ಅದು ಪ್ರೀತಿಯಲ್ಲವೆಂದು ನಾನು ಹೇಳಲಾರೆ. ಆದರೆ ಅದು ಕೋಣದ ಮೇಲಿನ ಪ್ರೀತಿಯೋ ಕೋಣದ ಓಟದ ಮೇಲಿನ ಪ್ರೀತಿಯೋ ಎಂದು ತಿಳಿಯುವುದು ಕೋಣ ಓಟ ನಿಲ್ಲಿಸಿದ ಮೇಲೆ, ಅದೇ ಹಟ್ಟಿಯಲ್ಲಿ ಅದು ಉಳಿಯಿತೋ ಇಲ್ಲವೋ ಎಂಬುದರಿಂದ.

ಬಾಕ್ಸಿಂಗ್‌ನಲ್ಲಿ ಒಂದು ಒಳ್ಳೆಯ ಕ್ರಮವಿದೆ. ರಿಂಗಿನ ಪಕ್ಕ ಕುಳಿತ ವೈದ್ಯ ಯಾವ ಮೂಲೆಯವನೂ ಅಲ್ಲ. ಅವನು ಸಾಕೆಂದರೆ ಆಟ ನಿಲ್ಲುತ್ತದೆ; ಬಾಕ್ಸರ್ ಅತ್ತರೂ, ಕೋಚ್ ಕೂಗಾಡಿದರೂ. ಯಾವ ತಂಡದಲ್ಲೂ, ಅದು ಒಲಿಂಪಿಕ್ ತಂಡವಿರಲಿ ಹಳ್ಳಿ ಶಾಲೆಯದಿರಲಿ, ಕಪ್‌ನಲ್ಲಿ ಪಾಲಿಲ್ಲದ ಅಂಥವನೊಬ್ಬ ಇರಬೇಕು. ಅವನಿಗೆ ಬೇಡ ಎನ್ನುವ ಅಧಿಕಾರವಿರಬೇಕು, ಬೈಗುಳ ತಿನ್ನುವ ತಾಳ್ಮೆಯೂ ಇರಬೇಕು. ಉಳಿದವರು ಏನು ಕೊಟ್ಟೆವು, ಏಕೆ ಕೊಟ್ಟೆವು ಎಂದು ಬರೆದು ಸಹಿ ಹಾಕಬೇಕು. ಚಿತ್ರದಲ್ಲಿ ನಿಂತವರೆಲ್ಲ ಲೆಕ್ಕದಲ್ಲೂ ನಿಲ್ಲಬೇಕು.

ಕಳೆದ ಚಳಿಗಾಲದಲ್ಲಿ ರಿಕ್ಷಾದವನು ತನ್ನ ಮಗಳನ್ನು ನನ್ನ ಮನೆಗೆ ಕರೆದುಕೊಂಡು ಬಂದ. ಒಂಬತ್ತನೆಯ ತರಗತಿ, 800 ಮೀಟರ್ ಓಡುತ್ತಾಳೆ. ಪಾದದ ಗಂಟು ಬಾತಿತ್ತು. ಹತ್ತು ದಿನಕ್ಕೆ ಜಿಲ್ಲಾ ಕೂಟ. ಓಡಬಹುದೇ ಮಾಸ್ಟ್ರೆ ಎಂದು ಕೇಳಿದವನು ಅವನಲ್ಲ, ಅವಳು. ನನಗೆ ಗೊತ್ತಿಲ್ಲ ಮಗೂ ಎಂದೆ. ಮೂವರೂ ಕುಂದಾಪುರಕ್ಕೆ ಹೋದೆವು. ಅಜ್ಜಿ ಹಚ್ಚಿದ ಎಣ್ಣೆ ಯಾವುದು, ಅಂಗಡಿಯಿಂದ ತಂದ ಮಾತ್ರೆ ಯಾವುದು ಎಂದು ಚೀಟಿಯಲ್ಲಿ ಬರೆದುಕೊಂಡಿದ್ದೆ. ಅವಳ ಶಾಲೆಯ ಪಿ.ಟಿ. ಶಿಕ್ಷಕಿಗೆ ಫೋನ್ ಮಾಡಿ ಡಾಕ್ಟರ ಕೈಗೆ ಕೊಟ್ಟೆ. ಡಾಕ್ಟರು ಮೂರು ವಾರ ಎಂದರು. ಹುಡುಗಿ ನನ್ನ ಮುಖ ನೋಡಿದಳು. ಮಾಸ್ಟರು ಏನಾದರೂ ದಾರಿ ಹುಡುಕಿಯಾರೆಂಬ ಆಸೆ. ಮೂರು ವಾರ ಎಂದು ನಾನೂ ಹೇಳಿದೆ. ದಾರಿಯುದ್ದಕ್ಕೂ ಅತ್ತಳು. ಅಪ್ಪ ಏನೂ ಮಾತಾಡದೆ ರಿಕ್ಷಾ ಓಡಿಸಿದ.

ಈಗ ಅವಳು ಮತ್ತೆ ಓಡುತ್ತಿದ್ದಾಳೆ. ಬೆಳಗಿನ ಹೊತ್ತು ರಸ್ತೆಯಲ್ಲಿ ಎದುರಾಗುತ್ತಾಳೆ. ನನ್ನ ಜೊತೆ ಮಾತ್ರ ಇನ್ನೂ ಸರಿಯಾಗಿ ಮಾತಾಡುವುದಿಲ್ಲ.