ಮೂಲಾ ನಕ್ಷತ್ರ ಯಾರ ತಪ್ಪು?

ನಮ್ಮಕ್ಕನ ಮಗಳಿಗೆ ಗೊತ್ತಾಗಿದ್ದ ಗಂಡು ತಪ್ಪಿಹೋಯಿತು. ಹುಡುಗ ನಮ್ಮವನೇ, ಹಟ್ಟಿಯಲ್ಲಿ ಹುಟ್ಟಿ ಓದಿ ಸರ್ಕಾರಿ ಕೆಲಸ ಹಿಡಿದವನು. ಅವರ ನಡುಮನೆಯಲ್ಲಿ ಬಾಬಾಸಾಹೇಬರ ಫೋಟೋ ಇದೆ. ಆದರೂ ಅವನಪ್ಪ ಪೇಟೆಯ ಜೋಯಿಸರ ಹತ್ತಿರ ಹೋದ. ಹುಡುಗಿ ಹುಟ್ಟಿದ ಗಳಿಗೆ ನಾವು ಬರೆದಿಟ್ಟಿಲ್ಲ. ಹೆತ್ತವಳ ಜೀವ ಉಳಿದರೆ ಸಾಕು ಅನ್ನುವ ಹೊತ್ತಲ್ಲಿ ಗಡಿಯಾರ ಯಾರು ನೋಡುತ್ತಾರೆ? ಶಾಸ್ತ್ರಕ್ಕೆ ಅದೇನೂ ಅಡ್ಡಿಯಲ್ಲ. ಗಳಿಗೆ ಇಲ್ಲದಿದ್ದರೆ ಹೆಸರಿನ ಮೊದಲ ಅಕ್ಷರ ಸಾಕು. ಯೇ, ಯೋ, ಭಾ, ಭೀ, ಈ ನಾಲ್ಕು ಅಕ್ಷರ ಮೂಲಾ ನಕ್ಷತ್ರದ ನಾಲ್ಕು ಪಾದಕ್ಕೆ ಸೇರಿದವು. ಹುಡುಗಿ ಹೆಸರು ‘ಭಾ’ದಿಂದ ಶುರು. “ಮೂಲಾ ಕಣಪ್ಪಾ, ಮಾವನಿಗೆ ಆಗಿಬರಲ್ಲ” ಅಂದರಂತೆ. ಅಲ್ಲಿಗೆ ಮುಗಿಯಿತು.

ನಕ್ಷತ್ರ ಅಂದರೇನು? ಚಂದ್ರ ಆಕಾಶವನ್ನು ಒಂದು ಸುತ್ತು ಬರಲು ಸುಮಾರು 27.3 ದಿನ ಬೇಕು. ಹಳಬರು ಆ ದಾರಿಯನ್ನು 27 ಪಾಲು ಮಾಡಿದರು, ಪಾಲಿಗೆ 13 ಡಿಗ್ರಿ 20 ಕಲೆ. ಹತ್ತೊಂಬತ್ತನೆಯದು ಮೂಲಾ, ಚೇಳಿನ ಕೊಂಡಿಯ ಚುಕ್ಕಿಗಳು. ಇದು ಲೆಕ್ಕ. ಲೆಕ್ಕದ ಮೇಲೆ ನನಗೆ ಜಗಳವಿಲ್ಲ. ಆ ಲೆಕ್ಕಕ್ಕೆ ನಿರೃತಿಯನ್ನು ದೇವತೆ ಮಾಡಿ, ರಾಕ್ಷಸಗಣ ಅಂತ ಹೆಸರಿಟ್ಟು, ಅದರ ಭಾರವನ್ನು ಹೆಣ್ಣಿನ ತಲೆಗೆ ಕಟ್ಟಿದರಲ್ಲ, ಅಲ್ಲಿ ಜಗಳ. ಮೂಲೆ ಮಾವನಿಗೆ, ಆಶ್ಲೇಷೆ ಅತ್ತೆಗೆ, ಜ್ಯೇಷ್ಠೆ ಭಾವನಿಗೆ, ವಿಶಾಖೆ ಮೈದುನನಿಗೆ ಕಂಟಕವಂತೆ. 27ರಲ್ಲಿ ನಾಲ್ಕು. ಅಂದರೆ ಸುಮಾರು ಏಳು ಹೆಣ್ಣುಮಕ್ಕಳಲ್ಲಿ ಒಬ್ಬಳು ಹುಟ್ಟುತ್ತಲೇ ಆರೋಪಿ.

ಈ ಪಾಲುಗಳ ಗೆರೆ ಆಕಾಶದಲ್ಲಿ ಎಳೆದಿಲ್ಲ. ಒಂದೊಂದು ಕಡೆ ಒಂದೊಂದು ಪಂಚಾಂಗ ಅಂತ ಆಗಿದ್ದಕ್ಕೇ ಭಾರತ ಸರ್ಕಾರ 1952ರಲ್ಲಿ ವಿಜ್ಞಾನಿ ಮೇಘನಾದ ಸಹಾ ಅವರ ಅಧ್ಯಕ್ಷತೆಯಲ್ಲಿ ಸಮಿತಿ ನೇಮಿಸಿತು. 1955ರ ವರದಿಯಲ್ಲಿ ಆ ಸಮಿತಿ ಗೆರೆ ಎಲ್ಲಿಂದ ಶುರುವಾಗಬೇಕೆಂದು ಕೂತು ತೀರ್ಮಾನಿಸಿತು. ಇವತ್ತಿಗೂ ವಾಕ್ಯ ಪಂಚಾಂಗಕ್ಕೂ ದೃಕ್ ಪಂಚಾಂಗಕ್ಕೂ ಗಳಿಗೆಗಳಲ್ಲಿ ವ್ಯತ್ಯಾಸವಿದೆ. ಒಂದರಲ್ಲಿ ಜ್ಯೇಷ್ಠೆಯಾದವಳು ಇನ್ನೊಂದರಲ್ಲಿ ಮೂಲೆಯಾಗಬಹುದು. ಪುಸ್ತಕ ಬದಲಾದರೆ ಸಾಯಬೇಕಾದವನು ಭಾವನೋ ಮಾವನೋ ಎಂಬುದೇ ಬದಲಾಗುತ್ತದೆ!

ನಕ್ಷತ್ರ ನಮ್ಮವರಿಗೆ ಹೊಸದಲ್ಲ. ನಮ್ಮಜ್ಜಿಗೆ ಅಕ್ಷರ ಬರುತ್ತಿರಲಿಲ್ಲ, ನಕ್ಷತ್ರಗಳು ಬಾಯಿಪಾಠ. ಅವಳಿಗೆ ನಕ್ಷತ್ರ ಅಂದರೆ ಮಳೆ. ಸೂರ್ಯ ಒಂದೊಂದು ನಕ್ಷತ್ರದಲ್ಲಿ ಹದಿಮೂರು ಹದಿನಾಲ್ಕು ದಿನ ಇರುತ್ತಾನೆ. ಮೇ ಕೊನೆಗೆ ರೋಹಿಣಿ, ಜೂನ್‌ನಲ್ಲಿ ಮೃಗಶಿರ, ಆಮೇಲೆ ಆರಿದ್ರಾ. ಭರಣಿ ಮಳೆ ಬಂದರೆ ಧರಣಿ ಬೆಳೆ ಅನ್ನೋಳು. ಮಳೆ ಕೈಕೊಟ್ಟರೆ ಆ ನಕ್ಷತ್ರಕ್ಕೇ ಹಿಡಿಶಾಪ ಹಾಕೋಳು. ಗೌಡರ ಹೊಲದ ಮಣ್ಣನ್ನು ಮುಷ್ಟಿಯಲ್ಲಿ ಹಿಡಿದು ನೋಡಿದ ಮೇಲೇ ಬಿತ್ತನೆಯ ಮಾತು. ಅವಳ ಮಾತು ಸುಳ್ಳಾಗಬಹುದಿತ್ತು, ಸುಳ್ಳಾದರೆ ಒಪ್ಪಿಕೊಳ್ಳುತ್ತಿದ್ದಳು. ಜೋಯಿಸರ ಮೂಲಾ ಹಾಗಲ್ಲ. ಮಾವ ಸತ್ತರೆ ಸೊಸೆಯ ಕಾಲ್ಗುಣ. ಬದುಕಿದರೆ ಶಾಂತಿ ಮಾಡಿಸಿದ ಫಲ. ಎಂದೂ ಸೋಲದ ಮಾತು ಜ್ಞಾನವಲ್ಲ, ಯಜಮಾನಿಕೆ.

ಇದರ ಹೊಲಸು ಎಷ್ಟೆಂದರೆ, ಮೂಲಾ ಹುಡುಗಿಗೆ ಮಾವ ಇಲ್ಲದ ಮನೆ ಹುಡುಕುತ್ತಾರೆ. ಗೋಡೆಯ ಮೇಲಿನ ಫೋಟೋಕ್ಕೆ ಹಾರ ಬಿದ್ದಿದ್ದರೆ ಹೆಣ್ಣಿನ ಕಡೆಯವರಿಗೆ ನೆಮ್ಮದಿ. ಒಬ್ಬ ಮನುಷ್ಯನ ಸಾವನ್ನು ಕಂಡು ಸಮಾಧಾನಪಡುವಂತೆ ಮಾಡುವ ಧರ್ಮ ಎಂಥದು?

ಹುಡುಗನ ಅಪ್ಪನ ಹತ್ತಿರ ನಾನೇ ಹೋಗಿ ಕೂತೆ. “ನಂಬಿಕೆ ಅಂತಲ್ಲ ಮೇಷ್ಟ್ರೆ, ಭಯ. ಇಷ್ಟು ದಿವ್ಸ ಕೂಲಿ ಮಾಡ್ದೆ, ಈಗ ನಾಕು ದಿನ ಬದುಕೋಣ ಅಂತ” ಅಂದರು. ಸಿಟ್ಟು ಬರಲಿಲ್ಲ. ಆ ಕೈಗಳನ್ನು ನೋಡಿದವರಿಗೆ ಸಿಟ್ಟು ಬರುವುದಿಲ್ಲ. ಆದರೆ ಭಯ ಅವರದು, ಅದರ ದಂಡ ಕಟ್ಟುವವಳು ಹುಡುಗಿ. ಇದೇ ನ್ಯಾಯವಲ್ಲವೆ ನಮ್ಮ ಮೇಲೂ ನಡೆದದ್ದು? ನಮ್ಮನ್ನು ಬಾವಿಗೆ ಬಿಡದವರೂ ಮೈಲಿಗೆಗೆ ಹೆದರಿದ್ದರು. ಹೆದರಿಕೆ ಅವರದು, ನೀರಡಿಕೆ ನಮ್ಮದು. ಮಾಡದ ತಪ್ಪನ್ನು ಹುಟ್ಟಿಗೆ ಅಂಟಿಸುವುದೇ ಜಾತಿ, ಅದೇ ಜಾತಕ. ಹುಟ್ಟಿದ ಮನೆಗೆ ಶಿಕ್ಷೆ ಕೂಡದು, ಹುಟ್ಟಿದ ಗಳಿಗೆಗೆ ಶಿಕ್ಷೆ ಇರಲಿ ಅನ್ನುವವನು ಅನ್ಯಾಯವನ್ನು ವಿರೋಧಿಸುತ್ತಿಲ್ಲ, ತನಗಾದ ನೋವನ್ನು ಮಾತ್ರ ವಿರೋಧಿಸುತ್ತಿದ್ದಾನೆ.

ಕಾನೂನು ಕಾಯುತ್ತದೆ ಅನ್ನುವ ಹಾಗೂ ಇಲ್ಲ. ಮೌಢ್ಯದ ವಿರುದ್ಧ ನಮ್ಮ ರಾಜ್ಯ 2017ರಲ್ಲಿ ಮಾಡಿದ ಕಾಯ್ದೆ ಜ್ಯೋತಿಷಿಗಳ ಸಲಹೆಯನ್ನು ಹೊರಗಿಟ್ಟಿದೆ. ಕೆಲಸ ನಮ್ಮ ನಮ್ಮ ನಡುಮನೆಯಲ್ಲೇ ಆಗಬೇಕು.

ಏಳುವಾಗ ಫೋಟೋ ಕಡೆ ಕೈ ತೋರಿಸಿದೆ. “1956ರಲ್ಲಿ ನಾಗಪುರದಲ್ಲಿ ಇವರು ಬೋಧಿಸಿದ ಪ್ರತಿಜ್ಞೆಗಳಲ್ಲಿ ಬ್ರಾಹ್ಮಣರಿಂದ ಕ್ರಿಯಾಕರ್ಮ ಮಾಡಿಸಲ್ಲ ಅನ್ನೋದೂ ಒಂದು. ಅದಿರಲಿ, ಇವರ ಹೆಸರು ಭೀಮರಾವ್. ‘ಭೀ’ ಅಕ್ಷರವೂ ಮೂಲಾದ್ದೇ. ಇಳಿಸ್ತೀರಾ?” ಅಂದೆ. ಅವರು ಮಾತಾಡಲಿಲ್ಲ.

ನಾನೇನೂ ಶುದ್ಧನಲ್ಲ. ಅಂದು ರಾತ್ರಿ ಅಕ್ಕ, “ಹೆಸರು ಬದಲಾಯಿಸಿಬಿಡೋಣ ಕಣೋ, ಮುಂದಿನ ಗಂಡಿಗೆ ಗೊತ್ತಾಗಲ್ಲ” ಅಂದಾಗ ಹೂಂ ಅಂದೆ. ಒಳಗೆ ಪಾತ್ರೆ ತೊಳೆಯುತ್ತಿದ್ದ ಹುಡುಗಿ ಕೈ ಒರೆಸಿಕೊಂಡು ಬಂದಳು.

“ಬದಲಾಯ್ಸುದ್ರೆ ತಪ್ಪು ನಂದೇ ಅಂತ ಒಪ್ಪಿಕೊಂಡಂಗಾಗಲ್ವಾ ಮಾವ?”

ಹೆಸರು ಹಾಗೇ ಇದೆ.